ಕೆಸ್ಟರ್ಲಿ ಬಂಗಲೆಯ ನೀಲಿ ಹೂಜಿ

ಬೇಕ್‌ವೆಲ್, ಡರ್ಬಿಶೈರ್
೧೪ ಸೆಪ್ಟೆಂಬರ್ ೨೦೧೬

ಪ್ರೀತಿಯ ಡೊರೀನ್,

ಹೇಗಿದ್ದೀಯೇ? ನಿನ್ನ ಎರಡು ವರ್ಷದ ಕ್ರಿಸ್‌ಮಸ್ ಕಾರ್ಡುಗಳೂ ನನ್ನ ಅಡುಗೆಮನೆ ಕಿಟಕಿಯಲ್ಲಿವೆ, ಉತ್ತರ ಮಾತ್ರ ಬರೆಯಲಿಲ್ಲ. ಸೊಂಟನೋವು ಅಂತ ನೆಪ ಹೇಳಬಹುದಿತ್ತು, ಆದರೆ ಕಾಗದ ಬರೆಯುವುದು ಸೊಂಟದಿಂದಲ್ಲವಲ್ಲ. ನಮ್ಮಿಬ್ಬರಿಗೂ ಗೊತ್ತಿದ್ದು, ಅರವತ್ತು ವರ್ಷ ಇಬ್ಬರೂ ಎತ್ತದ ಮಾತೊಂದು ಇದರಲ್ಲಿದೆ. ಬೈದುಕೋ, ಆದರೆ ಕೊನೆಯವರೆಗೂ ಓದು.

ಕಳೆದ ಗುರುವಾರ ಚರ್ಚಿನ ಹೆಂಗಸರೆಲ್ಲ ಬಸ್ಸು ಮಾಡಿಕೊಂಡು ಕೆಸ್ಟರ್ಲಿ ಬಂಗಲೆ ನೋಡಲು ಹೋಗಿದ್ದೆವು. ಹೌದು ಕಣೇ, ಹದಿನೇಳರ ವಯಸ್ಸಿನಲ್ಲಿ ನಾವಿಬ್ಬರೂ ಒಲೆ ಬೂದಿ ಬಳಿದ ಅದೇ ಕೆಸ್ಟರ್ಲಿ. ಈಗ ಟಿಕೆಟ್ ಕೊಂಡವರೆಲ್ಲ ಮುಂಬಾಗಿಲಿನಿಂದಲೇ ಒಳಗೆ! ನನ್ನ ಕಾಲು ಮಾತ್ರ ತಾನಾಗಿಯೇ ಹಿಂಬಾಗಿಲ ಕಡೆ ತಿರುಗಿತು. ಪಕ್ಕದ ಮನೆಯ ಬೆರಿಲ್ ತೋಳು ಹಿಡಿದೆಳೆದು, "ಎಲ್ಲಿಗೇ ಹೊರಟೆ? ಅದು ಟಾಯ್ಲೆಟ್ ಕಣೇ!" ಎಂದಳು. ನಾವು ಪಾತ್ರೆ ಉಜ್ಜಿದ ಜಾಗ! ಕುರ್ಚಿಗಳ ಮೇಲೆ ಯಾರೂ ಕೂರದಿರಲಿ ಅಂತ ಒಣಗಿದ ಮುಳ್ಳುಹೂ ಇಟ್ಟಿದ್ದಾರೆ. ನಮ್ಮ ಕಾಲಕ್ಕೆ ಮುಳ್ಳು ಬೇಕಿರಲಿಲ್ಲ, ಮೇಲ್ವಿಚಾರಕಿ ಮಿಸೆಸ್ ಪ್ಲಾಟ್ ಇದ್ದಳು.

ಮಹಡಿಯ ಪಡಸಾಲೆಯಲ್ಲಿ, ಗಾಜಿನ ಬೀರುವಿನೊಳಗೆ ಆ ನೀಲಿ ಪಿಂಗಾಣಿ ಹೂಜಿ ಇತ್ತು. ಚೂರುಗಳನ್ನು ತಂತಿ ಹಾಕಿ ಜೋಡಿಸಿದ್ದಾರೆ. ಮನೆ ತೋರಿಸುತ್ತಿದ್ದ ಹುಡುಗಿ ನಗುನಗುತ್ತಾ, "ಐವತ್ತೈದರಲ್ಲಿ ಡೊರೀನ್ ಅಂತ ಒಬ್ಬ ಕೆಲಸದವಳು ಇದನ್ನ ಒಡೆದ್ಲು. ಅವತ್ತೇ ಗಂಟುಮೂಟೆ ಕಟ್ಟಿಸಿ ಕಳಿಸಿದ್ರಂತೆ" ಎಂದಳು. ಎಲ್ಲರೂ ನಕ್ಕರು. ಬೆರಿಲ್ ಕೂಡ, "ಎಂಥಾ ಒರಟು ಕೈಯಪ್ಪಾ!" ಎಂದಳು.

ಅಷ್ಟರಲ್ಲಿ ಯಾರೋ "ಲೇಡಿ ಬರ್ತಿದಾರೆ" ಎಂದರು. ಈಗಿನ ಯಜಮಾನಿ, ಪಾಪ, ಬಂದವರನ್ನು ಮಾತಾಡಿಸಲು ಬರುತ್ತಿದ್ದಳು. ನಾನೇನು ಮಾಡಿದೆ ಗೊತ್ತೇ? ಚೀಲ ಕೆಳಗಿಟ್ಟು ಗೋಡೆಗೆ ಮುಖಮಾಡಿ ನಿಂತುಬಿಟ್ಟೆ! ಮನೆಯವರು ಎದುರಾದರೆ ಕೆಲಸದವರು ಹಾಗೇ ನಿಲ್ಲಬೇಕಿತ್ತಲ್ಲ. ಎಪ್ಪತ್ತೆಂಟರ ಮುದುಕಿ, ಗೋಡೆಗೆ ಮೂಗು ತಾಗಿಸಿಕೊಂಡು!

"ತಲೆ ಸುತ್ತುತ್ತಾ ಎನಿಡ್?" ಅಂತ ಬೆರಿಲ್ ಗಾಬರಿಯಾದಳು. ಯಜಮಾನಿ ಮೆಲ್ಲಗೆ ನನ್ನ ಭುಜ ಮುಟ್ಟಿ, "ನೀವು ಇಲ್ಲಿ ಕೆಲಸಕ್ಕಿದ್ರಾ? ಈ ಕಡೆ ತಿರುಗಿ, ದಯವಿಟ್ಟು" ಎಂದಳು.

ತಿರುಗಿದೆ. "ಹೂಜಿ ಒಡೆದದ್ದು ಡೊರೀನ್ ಅಲ್ಲ, ನಾನು. ಧೂಳು ಒರೆಸ್ತಾ ಕೈ ಜಾರ್ತು. ಅವಳು ಚೂರು ಆರಿಸ್ತಿದ್ದಾಗ ಮಿಸೆಸ್ ಪ್ಲಾಟ್ ಬಂದ್ಲು. ನಾನು ಬಾಯಿ ಬಿಡಲಿಲ್ಲ. ಅವಳೂ ನನ್ನ ಹೆಸರು ಹೇಳಲಿಲ್ಲ" ಎಂದೆ. ಆ ಹುಡುಗಿಯ ಮುಖ ಕೆಂಪಾಯಿತು. "ಇನ್ಮೇಲೆ ಸರಿಯಾಗಿ ಹೇಳ್ತೀನಿ" ಎಂದಳು. "ಎನಿಡ್ ಗಾರ್‌ಸೈಡ್ ಅಂತ ಪೂರ್ತಿ ಹೇಳಮ್ಮ" ಎಂದೆ. ಬಸ್ಸಿನಲ್ಲಿ ಬೆರಿಲ್ ತನ್ನ ಕೇಕಿನಲ್ಲಿ ಅರ್ಧ ಮುರಿದು ಕೊಟ್ಟಳು.

ಕ್ಷಮಿಸು ಡೊರೀನ್. ಇಷ್ಟು ಹೇಳಲು ನನಗೆ ಅರವತ್ತೊಂದು ವರ್ಷ ಹಿಡಿಯಿತು.

ಯಜಮಾನಿ ನಿನ್ನನ್ನು ಚಹಾಕ್ಕೆ ಕರೆದಿದ್ದಾಳೆ, ಮುಳ್ಳು ತೆಗೆಸಿ ಕುರ್ಚಿಯಲ್ಲೇ ಕೂರಿಸುತ್ತಾಳಂತೆ. ಮೇ ತಿಂಗಳಲ್ಲಿ ಬಾರೇ. ಮುಂಬಾಗಿಲ ಮೆಟ್ಟಿಲು ಹತ್ತುವಷ್ಟು ಶಕ್ತಿಯನ್ನು ದೇವರು ನಿನ್ನ ಮಂಡಿಗಳಿಗೆ ಕೊಡಲಿ. ನಿನ್ನ ಮಕ್ಕಳು ಮೊಮ್ಮಕ್ಕಳು ತಣ್ಣಗಿರಲಿ.

ನಿನ್ನ,
ಎನಿಡ್

ತಾ.ಕ.: ಅವತ್ತು ನೀನು ತಗಡಿನ ಪೆಟ್ಟಿಗೆ ಹೊತ್ತು ಗೇಟಿನವರೆಗೆ ಹೋದವಳು, ತಿರುಗಿ ನಮ್ಮ ಅಟ್ಟದ ಕಿಟಕಿಯತ್ತ ಕೈ ಬೀಸಿದೆ. "ನೀನು ಕೆಳಗೆ ಕೆಲಸದಲ್ಲಿದ್ದೆಯೇನೋ, ನೋಡಿರಲಿಕ್ಕಿಲ್ಲ ಬಿಡು" ಅಂತ ಆಮೇಲೆ ನೀನೇ ಬರೆದಿದ್ದೆ. ನಾನು ಕಿಟಕಿಯಲ್ಲೇ ಇದ್ದೆ, ಡೊರೀನ್. ನೋಡಿದೆ. ನೋಡಿ ಪರದೆ ಎಳೆದುಕೊಂಡೆ. ಮೇ ತಿಂಗಳಲ್ಲಿ ನೀನು ಆ ಗೇಟಿನ ಹತ್ತಿರ ಬಸ್ಸಿಳಿಯುವಾಗ ನಾನು ಅಲ್ಲೇ ನಿಂತಿರುತ್ತೇನೆ. ಈ ಸಲ ಮೊದಲು ಕೈ ಬೀಸುವವಳು ನಾನು.