ಕೋಣೆ ತುಂಬಾ ಜೋಳ

ಮಹದೇವಪುರ, ಬೆಂಗಳೂರು
೮ ಫೆಬ್ರವರಿ ೨೦೦೯

ನನ್ನ ಮಗಳು ಜಯಮಾಲಾಗೆ,

ಅವ್ವ ನಿನ್ನ ತಲೆ ಸವರಿ ಬರೆಯುತ್ತಿರುವ ಕಾಗದ. ನಾನೂ ನಿಮ್ಮಪ್ಪನೂ ಚೆನ್ನಾಗಿದ್ದೇವೆ. ನಿನ್ನ ಕೆಮ್ಮು ಕಡಿಮೆಯಾಯಿತೇ? ಕಲಬುರ್ಗಿ ಹಾಸ್ಟೆಲಿನಲ್ಲಿ ಈಗಲೂ ತಣ್ಣೀರಿನ ಸ್ನಾನವೇ? ನಿನ್ನ ಕಾಗದ ಸಂಕ್ರಾಂತಿಗೇ ಬಂದಿತ್ತು. ಇಷ್ಟು ತಡವಾಯಿತೆಂದು ಸಿಟ್ಟಾಗಬೇಡ. ಹೇಳುವಂಥ ಒಳ್ಳೆಯ ಸುದ್ದಿ ಇರಲಿಲ್ಲ, ಅದಕ್ಕೇ ಕಾದೆ.

ನಿಮ್ಮಪ್ಪ ಸೆಂಟ್ರಿಂಗ್ ಹಲಗೆ ಹೊಡೆಯುವ ಕೆಲಸ ಮಾಡುತ್ತಿದ್ದ ಅಪಾರ್ಟ್‌ಮೆಂಟ್ ಅರ್ಧಕ್ಕೇ ನಿಂತಿದೆ. ಮನೆ ಕೊಳ್ಳುವವರೇ ಇಲ್ಲವಂತೆ. ಡಿಸೆಂಬರಿನಲ್ಲೇ ಮೇಸ್ತ್ರಿ ಚಿಕ್ಕವೆಂಕಟಪ್ಪ, "ಮಾನಪ್ಪಾ, ಈ ಬಟವಾಡೆ ಜೋಪಾನ ಮಾಡ್ಕೋ. ಮುಂದಿಂದು ಯಾವಾಗ ಅಂತ ನಂಗೂ ಗೊತ್ತಿಲ್ಲ" ಎಂದಿದ್ದನಂತೆ. ಅಂದು ನಿಮ್ಮಪ್ಪ ಊಟಕ್ಕೇ ಕೂರಲಿಲ್ಲ.

ಮರುದಿನ ಆ ಬಟವಾಡೆಯ ಹಣವನ್ನು ಸೆರಗಿಗೆ ಗಂಟು ಹಾಕಿಕೊಂಡು, ಪಕ್ಕದ ಕೋಣೆಯ ಉಮ್ಮೆ ಕುಲ್ಸುಂ ಜೊತೆ ಶಿವಾಜಿನಗರಕ್ಕೆ ಹೋದೆ. ಅವಳ ತಮ್ಮ ಅಮೀರ್ ಅಲ್ಲಿ ಸಗಟು ದಿನಸಿ ಅಂಗಡಿಯಲ್ಲಿದ್ದಾನೆ. ಜೋಳ, ಅಕ್ಕಿ, ತೊಗರಿಬೇಳೆ, ಒಣಮೆಣಸಿನಕಾಯಿ, ಎಣ್ಣೆ, ಉಪ್ಪು, ಬಟ್ಟೆ ಸೋಪು, ಬೆಂಕಿಪೊಟ್ಟಣ ಎಲ್ಲ ಕೊಂಡೆವು. ಲಗೇಜ್ ಆಟೋದಲ್ಲಿ ಮೂಟೆಗಳ ಮೇಲೆಯೇ ಕುಳಿತು ಬಂದೆವು. ಹಲಸೂರು ಕೆರೆಯ ಹತ್ತಿರ ಗಾಳಿಗೆ ಅವಳ ದುಪಟ್ಟಾ ಹಾರಿ ನನ್ನ ಮುಖ ಮುಚ್ಚಿತು. ಇಬ್ಬರೂ ಸಣ್ಣ ಹುಡುಗಿಯರ ಹಾಗೆ ನಕ್ಕೆವು.

ನಿಮ್ಮಪ್ಪ ನಗಲಿಲ್ಲ. "ಊರಿಗಿ ಹೋಗೂದು ಬಿಟ್ಟು ಇಲ್ಲೇ ಅಂಗಡಿ ಇಡಾಕಿ ಏನು? ಎಲ್ಲಾ ರೊಕ್ಕ ಇದಕ್ಕ ಸುರದಿಯಲ್ಲ, ಬಾಡಿಗಿ ಏನು ಕೊಡೂದು?"

"ಬಾಡಿಗಿಗಿ ಏನಾರ ಮಾಡೂನು. ಉಣ್ಣಾಕ ಮಂದಿ ಮನಿ ಬಾಗಿಲಿಗಿ ಮಾತ್ರ ಹೋಗೂದು ಬ್ಯಾಡ" ಎಂದೆ.

ಅಷ್ಟರಲ್ಲಿ ಮನೆ ಒಡತಿ ಅಂಜಿನಮ್ಮನವರು ಬಾಗಿಲಿಗೆ ಬಂದರು. ಇಷ್ಟು ಸಾಮಾನು ನೋಡಿ ಬಾಡಿಗೆ ಈಗಲೇ ಇಡು ಎನ್ನುತ್ತಾರೇನೋ ಎಂದು ಹೆದರಿದೆ. ಅವರು ಮೂಟೆ ಮುಟ್ಟಿ ನೋಡಿ, "ನೆಲದ ಮ್ಯಾಲೆ ಮಡಗಿದ್ಯಲ್ಲಮ್ಮೀ, ತ್ಯಾವ ಹಿಡಿದು ಮುಗ್ಗಲಾಗೋಯ್ತದೆ" ಎಂದು ಬೈದು, ಮುರಿದ ಮಂಚದ ಹಲಗೆಗಳನ್ನು ಕೊಟ್ಟರು. ಮಲಗಲು ನಮಗೆ ಗೋಡೆಯ ಬದಿಯಷ್ಟೇ ಉಳಿಯಿತು!

ಜನವರಿ ಕೊನೆಗೆ, ನಿಮ್ಮಪ್ಪನ ಜೊತೆ ಕೆಲಸ ಕಳೆದುಕೊಂಡ ಮುತ್ತಣ್ಣ ಹೆಂಡತಿ ರೇವತಿಯನ್ನು ಕರೆದುಕೊಂಡು ಬಂದ. ಬಸುರಿ ಹೆಂಗಸು. ಊರಿಗೆ ಹೊರಟಿದ್ದರು, ಹೇಳಿ ಹೋಗಲು ಬಂದದ್ದು. ಊಟಕ್ಕೆ ಕೂರಿಸಿದೆ. ರೇವತಿ ತಲೆ ಎತ್ತದೆ ಉಂಡಳು. ಉಣ್ಣುವ ರೀತಿಯಲ್ಲೇ ತಿಳಿಯಿತು, ಹಿಂದಿನ ದಿನವೂ ಹೊಟ್ಟೆಗೆ ಏನೂ ಬಿದ್ದಿಲ್ಲ ಎಂದು.

"ಊರಾಗ ಯಾರದಾರಪ್ಪ?" ಎಂದು ಕೇಳಿದೆ.

"ಯಾರಿಲ್ಲಕ್ಕ. ಅಣ್ಣನ ಮನಿ ಮುಂದ ಹೋಗಿ ನಿಲ್ಲೂದು. ಒಳಗ ಕರದ್ರ ಕರದ್ರು" ಎಂದ ಮುತ್ತಣ್ಣ.

ನಾನು ಮೂಟೆಗಳ ಕಡೆ ನೋಡಿದೆ. ಇರಿ ಎನ್ನಲು ಬಾಯಿ ಬರಲಿಲ್ಲ ಮಗಳೇ. ನಾಲ್ಕು ಜನ ಉಂಡರೆ ಮಳೆಗಾಲದವರೆಗೆ ಬರುವುದಿಲ್ಲ ಎಂಬ ಲೆಕ್ಕವೇ ತಲೆಯಲ್ಲಿ. ಆಗ, ಮೂಟೆ ನೋಡಿದಾಗಲೆಲ್ಲ ಸಿಡುಕುತ್ತಿದ್ದ ನಿಮ್ಮಪ್ಪನೇ ಎದ್ದು ಅವರ ಚೀಲ ಒಳಗಿಟ್ಟ. "ಜ್ವಾಳ ಅದಾವ. ಮುಗಿಯೂತನ ಎಲ್ಲಾರೂ ಉಣ್ಣೂನು. ಮುಗದ ಮ್ಯಾಲ ಎಲ್ಲಾರೂ ಕೂಡಿ ಹೋಗೂನು" ಎಂದ. ಮದುವೆಯಾದಾಗಿನಿಂದ ಅವನು ಅಷ್ಟು ಮೆತ್ತಗೆ ಮಾತಾಡಿದ್ದು ಕೇಳಿರಲಿಲ್ಲ. ಗಂಡಸರು ಅಂಜಿನಮ್ಮನವರ ಜಗಲಿಯಲ್ಲಿ, ನಾನೂ ರೇವತಿಯೂ ಒಳಗೆ ಮಲಗಿದೆವು.

ರೇವತಿ ಕೂತು ಉಣ್ಣುವವಳಲ್ಲ. ಅವಳು ಬಡಿದ ರೊಟ್ಟಿ ತಿಂದು ಕುಲ್ಸುಂ, "ಅಕ್ಕಾ, ಕೆ.ಆರ್. ಪುರ ಸ್ಟೇಷನ್ ಹತ್ರ ಖಾನಾವಳಿಯವ್ರು ರೊಟ್ಟಿ ಮಾಡೋರ್ ಬೇಕು ಅಂತ ಬೋರ್ಡ್ ಹಾಕೌರೆ. ಹೋಗ್ ಕೇಳೋಣ, ಏನ್ ಹೋಗ್ತದೆ?" ಎಂದಳು. ಕೇಳಿದೆವು. ಮಾದರಿಗೆ ಒಯ್ದ ರೊಟ್ಟಿಯನ್ನು ಅವರು ಅಲ್ಲೇ ಗಿರಾಕಿಗೆ ಬಡಿಸಿಬಿಟ್ಟರು! ಈಗ ಬೆಳಿಗ್ಗೆ ಮೂವರೂ ರೊಟ್ಟಿ ಬಡಿಯುತ್ತೇವೆ, ನಿಮ್ಮಪ್ಪ ಸೈಕಲ್ ಮೇಲೆ ಕೊಟ್ಟು ಬರುತ್ತಾನೆ. ಬಾಡಿಗೆ ಕೊಟ್ಟಾಯಿತು. ನಿನ್ನೆ ಇನ್ನೊಂದು ಮೂಟೆ ಜೋಳ ಇಳಿಸಿದೆವು. ಯುಗಾದಿ ಹೊತ್ತಿಗೆ ಕೆಲಸ ಶುರುವಾಗಬಹುದು ಎಂದು ಮೇಸ್ತ್ರಿ ಹೇಳುತ್ತಾನೆ. ಆಗದಿದ್ದರೂ ನಾವು ಇಲ್ಲೇ ಇರುತ್ತೇವೆ. ನೀನು ಓದಿನ ಕಡೆ ಗಮನ ಕೊಡು.

ನೂರು ಕಾಲ ಸುಖವಾಗಿ ಬಾಳು, ನನ್ನ ಕಂದ.

ನಿನ್ನ ಅವ್ವ,
ಜಟ್ಟೆಮ್ಮ

ತಾ.ಕ.: ಕೆಲಸ ನಿಂತ ಸುದ್ದಿ ಯಾರಿಂದಲೋ ಕೇಳಿ, ಬೇಸಿಗೆ ರಜೆಗೆ ಬರುವುದಿಲ್ಲ, ಅಲ್ಲೇ ಇದ್ದರೆ ಮನೆಯಲ್ಲಿ ಒಬ್ಬರ ಊಟ ಉಳಿಯುತ್ತದೆ ಎಂದು ಬರೆದಿದ್ದೀಯಲ್ಲ, ಆ ಸಾಲನ್ನು ನಿಮ್ಮಪ್ಪನಿಗೆ ಓದಿ ಹೇಳಲಿಲ್ಲ. ನಾನು ಸಣ್ಣವಳಿದ್ದಾಗ ಒಂದು ಸಲ ಮನೆಯಲ್ಲಿ ಕಾಳು ತೀರಿತ್ತು. ನಮ್ಮವ್ವ ನನ್ನನ್ನು ಸುರಪುರದ ಸೋದರಮಾವನ ಮನೆಗೆ ಬಿಟ್ಟು, "ಸುಗ್ಗಿ ಆದ ಮ್ಯಾಲ ಕರಕೊಂಡು ಹೋಗ್ತೀನಿ" ಎಂದು ಹೋದಳು. ಮಾವ ಅನ್ನ ಹಾಕಿದ, ಶಾಲೆಗೂ ಕಳಿಸಿದ. ಅವನ ಮೇಲೆ ದೂರಿಲ್ಲ. ಸುಗ್ಗಿಗಳು ಬಂದು ಹೋದವು, ಅವ್ವ ಬರಲಿಲ್ಲ. ಅಲ್ಲಿಂದಲೇ ನನ್ನ ಮದುವೆಯಾಯಿತು. ಈ ಮಾತನ್ನು ಯಾರಿಗೂ ಹೇಳಿಲ್ಲ. ನಿನ್ನ ಪರೀಕ್ಷೆ ಮುಗಿಯುವ ದಿನ ಯಾವುದೆಂದು ಬರೆ. ನಿಮ್ಮಪ್ಪನನ್ನು ಕಳಿಸುವುದಿಲ್ಲ, ಕರೆದುಕೊಂಡು ಹೋಗಲು ನಾನೇ ಬರುತ್ತೇನೆ.