ಅಂಗೈ ನಿಯಮ

ಮೈಲಾಪೂರ್,
ಡಿಸೆಂಬರ್ 14, ಶನಿವಾರ

ಶಿವರಾಜ್,

ಹತ್ತೊಂಬತ್ತು ವರ್ಷ ಸಂಸಾರ ಮಾಡಿದವನಿಗೆ ನಮಸ್ಕಾರ ಹೇಳದೆ ಶುರು ಮಾಡುವುದು ನನಗೆ ಬರುವುದಿಲ್ಲ. ಆದ್ದರಿಂದ ನಮಸ್ಕಾರ.

ನಿನ್ನ ನಂಬರನ್ನು ನಾನು ಬ್ಲಾಕ್ ಮಾಡಿದ ಮೇಲೆ ನೀನು ನಮ್ಮ ಜೊತೆ ಆಡುವ ಅನು ಕೈಯಲ್ಲಿ ಕಳಿಸಿದ ಪತ್ರ ಸಿಕ್ಕಿತು. ಸೋಮವಾರ ಸ್ಟೇಷನ್ನಿನಲ್ಲಿ ಹೇಳಿಕೆ ಕೊಡುವಾಗ ನನ್ನ ಕೈ ಕಾರಿನ ಬಾಗಿಲಿಗೆ ಸಿಕ್ಕಿತೆಂದು ಹೇಳಬೇಕಂತೆ. ಹಾಗೆ ಹೇಳಿದರೆ ವೇಲಚೇರಿಯ ಮನೆಗೆ ವಾಪಸ್ ಬರಬಹುದಂತೆ, ಭಾನುವಾರದ ಆಟವೂ ಮುಂದುವರಿಯುತ್ತದಂತೆ. ಮೇಜಿನ ಸುತ್ತ ಕೂತಿದ್ದ ಮೂವರೂ ನಿನ್ನ ಮಾತನ್ನೇ ಹೇಳುತ್ತಾರೆ, ನಾನೊಬ್ಬಳೇ ಬೇರೆ ಹೇಳಿದರೆ ಹುಚ್ಚಿ ಅನ್ನಿಸಿಕೊಳ್ಳುತ್ತೇನೆ ಎಂದೂ ಬರೆದಿದ್ದೀಯ. ಕೊನೆಯಲ್ಲಿ ನಮ್ಮ ಹಳೆಯ ಕಟ್ಟಳೆಯನ್ನು ನೆನಪಿಸಿದ್ದೀಯ: ಮೇಜಿನದು ಮೇಜಿನಲ್ಲೇ.

ಆ ಕಟ್ಟಳೆ ಹುಟ್ಟಿದಾಗ ನಾನೂ ಅಲ್ಲಿದ್ದೆ. ಕ್ರೋಂಪೇಟೆಯ ಕಾಲೇಜಿನಲ್ಲಿ, ಪಕ್ಕದ ಕಾರ್ಖಾನೆಯ ಚರ್ಮದ ವಾಸನೆ ಬರುವ ಆ ಕ್ಯಾಂಟೀನಿನ ಹಿಂದೆ, ಜೆರಾಕ್ಸ್ ಮಾಡಿದ ನಿಯಮದ ಪುಸ್ತಕ ಹಿಡಿದು ಕೂತಿದ್ದೆವು. ಒಬ್ಬ ಕಥೆ ನಡೆಸುವುದು, ಉಳಿದವರು ತಲಾ ಒಂದು ಪಾತ್ರವಾಗಿ ಅದರೊಳಗೆ ಇಳಿಯುವುದು, ಬದುಕು ಸಾವನ್ನು ದಾಳ ತೀರ್ಮಾನಿಸುವುದು. ಹುಡುಗಿ ಇದೆಲ್ಲ ಏನು ಆಡುತ್ತಾಳೆ ಎಂದು ಹಾಸ್ಟೆಲಿನಲ್ಲಿ ನಗುತ್ತಿದ್ದರು. ಮೊದಲ ದಿನವೇ ನಾನು ಒಬ್ಬ ರಾಕ್ಷಸನ ಮೊಣಕಾಲು ಕಡಿದು, ಅವನು ಬಿದ್ದ ಮೇಲೆ ಕುತ್ತಿಗೆ ಸೀಳಿದೆ. ನೀನು ಬಾಯಿ ಬಿಟ್ಟುಕೊಂಡು ನೋಡಿದೆ. ನಮ್ಮ ಪ್ರೀತಿ ಶುರುವಾದದ್ದು ಅಲ್ಲಿಂದಲೇ, ಅದನ್ನು ಈಗ ಇಲ್ಲವೆನ್ನಲಾರೆ.

ಆಗಿನ ಮೊದಲ ಆವೃತ್ತಿಯನ್ನು ನಾನು ಇವತ್ತಿಗೂ ಮೆಚ್ಚುತ್ತೇನೆ. ಪ್ರಾಣದ ಅಂಕ ಸೊನ್ನೆಯಾದರೆ ಸತ್ತೆ, ಮುಗಿಯಿತು, ಎದ್ದು ಎಲ್ಲರಿಗೂ ಟೀ ತರಬೇಕು. ಎರಡನೆಯದು ಬಂತು, ದಿಂಬಿನಷ್ಟು ದಪ್ಪ. ಬಾಣ ಕಣ್ಣಿಗೆ ಬಿದ್ದರೆ ಒಂದು ಕೋಷ್ಟಕ ನೋಡಬೇಕು, ಕಿವಿಗೆ ಬಿದ್ದರೆ ಇನ್ನೊಂದು. ಒಂದು ಬಾಣ ಬಿಡುವಷ್ಟರಲ್ಲಿ ಸಾರು ಆರಿಹೋಗುತ್ತಿತ್ತು. ಮೂರನೆಯದರಲ್ಲಿ ಸಾಯುವವನಿಗೆ ಮೂರು ಅವಕಾಶ ಕೊಟ್ಟರು. ಸಾವಿಲ್ಲದ ಆಟ ಉಪ್ಪಿಲ್ಲದ ಅಡುಗೆ ಎಂದು ನಾನು ಜಗಳವಾಡಿದೆ, ನೀನು ನನ್ನ ಪರ ನಿಂತೆ. ಎಲ್ಲ ಆವೃತ್ತಿಯಲ್ಲೂ ಬದಲಾಗದೆ ಉಳಿದದ್ದು ಒಂದೇ, ಕಥೆ ನಡೆಸುವವನ ಮಾತೇ ಕೊನೆಯ ಮಾತು. ನಮ್ಮ ಮೇಜಿನಲ್ಲಿ ಕಥೆ ನಡೆಸುವವನು ಯಾವಾಗಲೂ ನೀನೇ.

ಕಳೆದ ವರ್ಷ, ಆಟಕ್ಕೆ ಬರುತ್ತಿದ್ದ ನಿಶಾಂತ್ ಹೊಸ ಆವೃತ್ತಿ ತಂದ. ಅದರಲ್ಲಿ ಅಂಗೈ ನಿಯಮ. ಆಡುವವರಲ್ಲಿ ಯಾರೇ ಆಗಲಿ ಅಂಗೈಯನ್ನು ಮೇಜಿನ ಮೇಲೆ ಹರಡಿ ಇಟ್ಟರೆ ಕಥೆ ನಿಲ್ಲಬೇಕು, ಕಾರಣ ಕೇಳುವಂತಿಲ್ಲ. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನು. ಇದು ಆಟವೋ ಬಾಲವಾಡಿಯೋ ಎಂದೆ. ಆದರೂ ಮೂವರು ಬೇಕೆಂದರು, ನೀನೂ ಒಪ್ಪಿದೆ. ಒಪ್ಪಿ ಪುಸ್ತಕದ ಮೊದಲ ಪುಟದಲ್ಲಿ ಸಹಿ ಹಾಕಿದೆ.

ನನಗೆ ಅದು ಬೇಕಾಗುತ್ತದೆ ಎಂದು ತಿಳಿಯಲು ಎಷ್ಟು ಕಾಲ ಹಿಡಿಯಿತು ನೋಡು. ನಿನ್ನ ಚಿಕ್ಕಪ್ಪನ ಮಗನ ಮದುವೆಗೆ ದಾವಣಗೆರೆಗೆ ಬರುವುದಿಲ್ಲ ಎಂದೆ. ಆ ಭಾನುವಾರ ನನ್ನ ಪಾತ್ರದ ನಾಲಿಗೆಯನ್ನು ನಿನ್ನ ಕಥೆಯ ಕೊತ್ವಾಲ ಇಕ್ಕಳದಲ್ಲಿ ಹಿಡಿದು ಕತ್ತರಿಸಿದ. ನನ್ನ ಆಫೀಸಿನಲ್ಲಿ ನಿನಗಿಂತ ಮುಂಚೆ ನನಗೆ ಬಡ್ತಿ ಬಂತು. ನನ್ನ ಪಾತ್ರವನ್ನು ಸರಪಳಿ ಹಾಕಿ ಬಾವಿಗೆ ಇಳಿಸಿದರು, ಶ್ವಾಸಕೋಶಕ್ಕೆ ನೀರು ನುಗ್ಗುವುದನ್ನು ನೀನು ನಿಧಾನವಾಗಿ, ನನ್ನ ಮುಖವನ್ನೇ ನೋಡುತ್ತಾ ವರ್ಣಿಸಿದೆ. ಅಮ್ಮನ ಆಪರೇಷನ್ನಿಗೆ ನಿನ್ನನ್ನು ಕೇಳದೆ ಹೋಗಿ ಬಂದೆ. ಬೆನ್ನಿನ ಚರ್ಮ ಸುಲಿದರು. ಉಳಿದವರು ಎಂಥ ವರ್ಣನೆ ಎಂದು ಚಪ್ಪಾಳೆ ಹೊಡೆದರು. ದಾಳದ ಮೇಲೆ ಬಿದ್ದ ಅಂಕಕ್ಕೆ ಯಾರನ್ನು ದೂರಲಿ ಎಂದು ನಾನೂ ನಕ್ಕೆ. ಆಮೇಲೆ ಬಚ್ಚಲಿಗೆ ಹೋಗಿ ವಾಂತಿ ಮಾಡಿಕೊಳ್ಳುತ್ತಿದ್ದೆ. ಮನೆಯಲ್ಲಿ ನೀನು ಜೋರಾಗಿ ಮಾತಾಡಿದವನೂ ಅಲ್ಲ, ಅದನ್ನೇ ನನ್ನ ಪುಣ್ಯ ಎಂದು ಎಲ್ಲರಿಗೂ ಹೇಳಿಕೊಂಡು ತಿರುಗಿದೆ.

ಆ ಭಾನುವಾರಕ್ಕೆ ಬರುತ್ತೇನೆ. ಹಿಂದಿನ ದಿನ ನಾನು ಬೇರೆ ಮನೆ ನೋಡುತ್ತಿದ್ದೇನೆ ಎಂದು ನಿನಗೆ ಹೇಳಿದ್ದೆ. ನೀನು ಸರಿ ಎಂದು ಹೇಳಿ ಟಿವಿ ಹಾಕಿದೆ. ಮಧ್ಯಾಹ್ನ ಊಟವಾದ ಮೇಲೆ ಐದು ಜನ ಕೂತೆವು. ಫ್ಯಾನಿನ ಗಾಳಿಗೆ ಆಟದ ನಕ್ಷೆ ಹಾರದಿರಲಿ ಎಂದು ನೀನು ಎಂದಿನಂತೆ ನಿಮ್ಮಪ್ಪನ ಅಂಗಡಿಯ ಎರಡು ಕಿಲೋ ತೂಕದ ಕಲ್ಲನ್ನು ಅದರ ಮೇಲಿಟ್ಟೆ. ಕಥೆ ಶುರುವಾದ ಸ್ವಲ್ಪ ಹೊತ್ತಿಗೇ ನನ್ನ ಪಾತ್ರವನ್ನು ಮನೆಯ ಹೊಸ್ತಿಲಲ್ಲಿ ಹಿಡಿದರು. ಓಡಿಹೋಗುವ ಹೆಂಗಸಿನ ಹಿಮ್ಮಡಿಯ ನರ ಕತ್ತರಿಸುವುದು ಆ ಊರಿನ ಪದ್ಧತಿ ಎಂದು ನೀನು ಹೇಳಿದೆ. ಮೊದಲು ಎಡಗಾಲು. ನರ ತುಂಡಾಗುವ ಶಬ್ದವನ್ನು ಬಾಯಲ್ಲಿ ಮಾಡಿ ತೋರಿಸಿದೆ. ಅನು ತಟ್ಟೆ ಕೆಳಗಿಟ್ಟಳು. ಬಲಗಾಲಿಗೆ ಬಂದಾಗ ನಾನು ಬಲಗೈಯನ್ನು ಮೇಜಿನ ಮೇಲೆ ಹರಡಿ ಇಟ್ಟೆ.

ನೀನು ನಿಲ್ಲಿಸಲಿಲ್ಲ. ಕೈ ತೆಗಿ ಎಂದೆ. ನಾನು ತೆಗೆಯಲಿಲ್ಲ. ನಿಶಾಂತ್ ನಿಯಮ ಹಾಗಿದೆ ಸಾರ್ ಎಂದ. "ನನ್ ಮನಿಯಾಗ ನನಗ ನಿಯಮ ಹೇಳ್ತೀಯೇನಲೇ" ಎಂದು ನೀನು ಅವನ ಕಡೆ ತಿರುಗಿದೆ. ಅಷ್ಟು ವರ್ಷದಲ್ಲಿ ಮೊದಲ ಸಲ ನಿನ್ನ ದನಿ ಏರಿದ್ದನ್ನು ಕೇಳಿದೆ. ಆಮೇಲೆ ಕಲ್ಲನ್ನು ಎತ್ತಿ ನನ್ನ ಕೈ ಮೇಲೆ ಹೊಡೆದೆ. ನಕ್ಷೆ ಹಾರಿ ಹೋಯಿತು. ಎರಡನೆಯ ಏಟಿಗೆ ಬೆರಳಿನ ಮೂಳೆ ಮುರಿದ ಶಬ್ದ ಬಂತು, ನಿನ್ನ ಬಾಯಲ್ಲಿ ಬಂದದ್ದಕ್ಕೂ ಅದಕ್ಕೂ ಹೋಲಿಕೆಯೇ ಇಲ್ಲ. ಮೂರನೆಯ ಸಲ ಎತ್ತಿದಾಗ ಅನು ಮೇಜನ್ನೇ ನಿನ್ನ ಹೊಟ್ಟೆಗೆ ತಳ್ಳಿದಳು. ನನ್ನ ಉಗುರೊಂದು ದಾಳಗಳ ನಡುವೆ ಬಿದ್ದಿತ್ತು, ಅದನ್ನೇ ನೋಡುತ್ತಾ ಕೂತಿದ್ದೆ.

ಆಸ್ಪತ್ರೆಗೆ ಆಟೋದಲ್ಲಿ ಕರೆದುಕೊಂಡು ಹೋದವನು ಮೇಜಿನಲ್ಲಿ ಐದನೆಯವನಾಗಿ ಕೂತಿದ್ದ ನಿನ್ನ ತಮ್ಮ ಗುರುಚರಣ. ನಾನು ಅಣ್ಣನ ಹೆಂಡತಿ, ನೀನು ಅವನನ್ನು ಓದಿಸಿದ ಅಣ್ಣ. ಡ್ಯೂಟಿ ಡಾಕ್ಟರ್ ಕೇಳಿದಾಗ ಅವನು ನನ್ನ ಮುಖ ನೋಡದೆ "ಕಾರ್ ಡೋರ್‌ಲ ಮಾಟ್ಟಿಕ್ಕಿಚ್ಚು" ಎಂದ. ಬಾಗಿಲಿಗೆ ಸಿಕ್ಕಿತು ಎಂಬ ಆ ಮಾತನ್ನು ನಾನೂ ಸುಮ್ಮನೆ ಕೇಳಿಸಿಕೊಂಡೆ. ಈಗಲೂ ಸುಳ್ಳು ಹೇಳುವುದು ನನಗೆ ಕಷ್ಟವಾಗುತ್ತಿರಲಿಲ್ಲ. ಆದರೆ ನೀವಿಬ್ಬರೂ ಸೇರಿ ಎಂಥ ದಡ್ಡ ಸುಳ್ಳು ಆರಿಸಿಕೊಂಡಿರಿ. ದೂರು ಬರೆದುಕೊಳ್ಳಲು ಬಂದ ಇನ್ಸ್‌ಪೆಕ್ಟರಮ್ಮ ವೇಲಚೇರಿಯವಳೇ. "ಅನ್ನಿಕ್ಕಿ ಕಾರ್ ಎಂಗಮ್ಮಾ ಇರುಂದುಚ್ಚು" ಎಂದು ಕೇಳಿದಳು. ಅಂದು ಕಾರು ಎಲ್ಲಿತ್ತು? ಮಳೆಯ ಎಚ್ಚರಿಕೆ ಬಂದಿತ್ತು. ನಮ್ಮ ಬೀದಿಯ ಎಲ್ಲ ಕಾರುಗಳ ಹಾಗೆ ನಮ್ಮದೂ ನೆರೆಯಲ್ಲಿ ಮುಳುಗದಿರಲೆಂದು ಹಿಂದಿನ ಸಂಜೆಯಿಂದ ಫ್ಲೈಓವರ್ ಮೇಲೆ ನಿಂತಿತ್ತು. ಕಾರಿಲ್ಲದ ಮನೆಯಲ್ಲಿ ಕಾರಿನ ಬಾಗಿಲು. ಅಷ್ಟು ಕಥೆ ಕಟ್ಟಿದವನು ನೀನು, ಇದನ್ನು ಕಟ್ಟುವಾಗ ಮಾತ್ರ ಕಿಟಕಿಯಿಂದ ಕೆಳಗೆ ನೋಡಲಿಲ್ಲ.

ಆದರೂ ಕಾರು ಮನೆಯ ಕೆಳಗೆ ಇರಲಿಲ್ಲ ಎಂದಷ್ಟಕ್ಕೆ ನೀನು ಹೊಡೆದೆ ಎಂದಾಗುವುದಿಲ್ಲವಂತೆ. ನೋಡಿದವರು ಹೇಳಬೇಕು. ಬರಿ ನನ್ನ ಮಾತಿಗೆ ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ರಾಜಿ ಮಾಡಿಸಿ ಕಳಿಸುತ್ತಾರೆ, ಮತ್ತೆ ಅದೇ ಮನೆ, ಅದೇ ಮೇಜು. ನನಗೆ ಭಯವಾಗಿದೆ, ಶಿವು. ಈ ಸಲ ಹೋದರೆ ನೀನು ಹಿಮ್ಮಡಿಯವರೆಗೂ ಬರುತ್ತೀಯ ಎಂದು ನನಗೆ ಗೊತ್ತು. ಅನು ನನ್ನ ಜೊತೆ ಇದ್ದಾಳೆ, ಆದರೆ ನಿನ್ನ ವಕೀಲರು ಅವಳನ್ನು ಸಂಸಾರ ಒಡೆದವಳು ಎನ್ನುತ್ತಾರೆ. ನಿಶಾಂತ್ ನಿನ್ನ ಕಂಪನಿಯಲ್ಲೇ ಕೆಲಸ ಮಾಡುತ್ತಾನೆ, ಫೋನ್ ಎತ್ತುತ್ತಿಲ್ಲ. ಗುರುಚರಣ ನಿನ್ನೆ ಬಂದಿದ್ದ. ಏನು ಮಾತಾಡಿದೆವು ಎಂಬುದನ್ನು ನಿನಗೆ ಹೇಳುವ ಅಗತ್ಯವಿಲ್ಲ.

ಒಬ್ಬಳೇ ಆದರೂ ಸೋಮವಾರ ಹೋಗುತ್ತೇನೆ. ಕಲ್ಲು ಎಂದೇ ಹೇಳುತ್ತೇನೆ. ಆಟವನ್ನು ದೂರಬೇಡ ಎಂದು ನಿನ್ನ ಪತ್ರದಲ್ಲಿ ಒಂದು ಸಾಲಿದೆ, ದೂರುವುದಿಲ್ಲ. ಕೈ ಸರಿಹೋದ ಮೇಲೆ ನಾನು ಮತ್ತೆ ಆಡುತ್ತೇನೆ, ರಾಕ್ಷಸರ ಕುತ್ತಿಗೆಯನ್ನೂ ಸೀಳುತ್ತೇನೆ. ಕಥೆ ನಡೆಸುವವರು ಬೇರೆ ಇರುತ್ತಾರೆ.

ಈ ಪತ್ರಕ್ಕೆ ಉತ್ತರ ಬೇಡ.

ಕೋಮಲಾ

ಮರೆತ ಮಾತು: ಅಕ್ಷರ ಯಾರದೆಂದು ಮೊದಲ ಸಾಲಿಗೇ ನಿನಗೆ ತಿಳಿದಿರುತ್ತದೆ. ನನ್ನ ಬೆರಳಿಗೆ ಪೆನ್ನು ಹಿಡಿಯಲು ಇನ್ನೂ ಬರುವುದಿಲ್ಲ, ಆದ್ದರಿಂದ ನಾನು ಹೇಳಿದೆ, ಗುರುಚರಣ ಬರೆದ. ಆಸ್ಪತ್ರೆಯ ವಿಷಯ ಬಂದಾಗ ಎದ್ದು ಹೋಗುತ್ತಾನೆ ಎಂದುಕೊಂಡೆ, ಹೋಗಲಿಲ್ಲ. ಸೋಮವಾರ ಸ್ಟೇಷನ್ನಿನಲ್ಲಿ ನನಗಿಂತ ಮೊದಲು ಹೇಳಿಕೆ ಕೊಡುವವನು ಅವನೇ. ಅಣ್ಣನಿಗೆ ನಿನ್ನ ಕಡೆಯಿಂದ ಒಂದು ಸಾಲು ಸೇರಿಸುತ್ತೀಯಾ ಎಂದು ಈಗ ಕೇಳಿದೆ. ಇಲ್ಲ ಎಂದ. ಅದನ್ನೂ ಅವನೇ ಬರೆದಿದ್ದಾನೆ.