ನನ್ನ ಗಂಡನನ್ನು ಗೋಡೆಯಿಂದ ಇಳಿಸಿ

ಪುತ್ತೂರು, ಸುಳ್ಯ, ಕಡಬದ ಜನರ ಮೊಬೈಲ್ ಗೀಳು ಬಿಡಿಸುವ ಸಪ್ತಾಹದ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ಪುತ್ತೂರು ಬಸ್‌ಸ್ಟ್ಯಾಂಡಿನಲ್ಲಿ, ಕಾಣಿಯೂರು ಪೇಟೆಯಲ್ಲಿ, ನಮ್ಮ ಪಂಚಾಯತಿನ ಗೋಡೆಯಲ್ಲಿ ನೀವು ಅಂಟಿಸಿರುವ ಭಿತ್ತಿಪತ್ರದ ಮನುಷ್ಯ ನನ್ನ ಗಂಡ. ಹೆಸರು ಕುಕ್ಕಪ್ಪ. ಹೆಸರನ್ನು ನೀವು ಹಾಕಿಲ್ಲ, ಮುಖ ಮಾತ್ರ ಹಾಕಿದ್ದೀರಿ. ಮುಖದ ಕೆಳಗೆ ಕೆಂಪು ಅಕ್ಷರದಲ್ಲಿ ಬರೆಸಿದ್ದೀರಿ: ‘ಕೊನೆಯುಸಿರಿನಲ್ಲೂ ಕೈಯಲ್ಲಿ ಮೊಬೈಲ್! ನಿಮ್ಮ ಮನೆಯಲ್ಲಿ ಹೀಗಾಗದಿರಲಿ.’ ಅದರ ಕೆಳಗೆ ಒಂದು ಚೌಕವಿದೆ. ಮೊಬೈಲ್ ಬಿಡುವ ಪ್ರತಿಜ್ಞೆ ಮಾಡಬೇಕಾದರೆ ಆ ಚೌಕವನ್ನು ಮೊಬೈಲಿನಿಂದಲೇ ಸ್ಕ್ಯಾನ್ ಮಾಡಬೇಕಂತೆ, ಮಾಡಿದವರ ಮೊಬೈಲಿಗೆ ಪ್ರಮಾಣಪತ್ರ ಬರುತ್ತದಂತೆ. ಆ ಕಾಗದವನ್ನು ಎಲ್ಲ ಗೋಡೆಗಳಿಂದಲೂ ತೆಗೆಸಬೇಕೆಂದು ಕೇಳಲು ಇದನ್ನು ಬರೆಯುತ್ತಿದ್ದೇನೆ.

ಅದನ್ನು ಮೊದಲು ಕಂಡವಳು ನನ್ನ ಮಗಳು ಭವಿತಾ. ಪುತ್ತೂರಿನ ಒಂದು ಲ್ಯಾಬಿನಲ್ಲಿ ಕೆಲಸ ಮಾಡುತ್ತಾಳೆ, ಇರುವುದು ಪೇಟೆಯ ಹೊರಗಿನ ಹಾಸ್ಟೆಲಿನಲ್ಲಿ. ಬೆಳಿಗ್ಗೆ ಬಸ್ಸಿಳಿದವಳು ನನಗೆ ಫೋನ್ ಮಾಡಿದಳು. ನಾನು ಹಾಲಿನ ಸೊಸೈಟಿಯಲ್ಲಿದ್ದೆ. ಅಲ್ಲಿ ಕಾರ್ಯದರ್ಶಿ ನಾನು, ಮತ್ತು ಅಲ್ಲಿ ರೇಂಜು ಸಿಗುತ್ತದೆ. “ಅಮ್ಮ, ಅಪ್ಪನನ್ನು ಇಲ್ಲಿ ಗೋಡೆಗೆ ಅಂಟಿಸಿದ್ದಾರೆ” ಎಂದಳು. “ಎಂತ ಹೇಳ್ತಿ ನೀನು?” ಎಂದು ಕೇಳಿದೆ. ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು. ಸರಿ ಎಂದು ಫೋನ್ ಇಟ್ಟು, ಕ್ಯಾನು ಹಿಡಿದು ಸಾಲಿನಲ್ಲಿ ನಿಂತಿದ್ದವರ ಹಾಲು ಅಳೆದು ಮುಗಿಸಿದೆ. ಅಳು ಬರಲಿಲ್ಲ. ಸಿಟ್ಟಾದರೂ ಬರಬೇಕಿತ್ತು, ಅದೂ ಬರಲಿಲ್ಲ. ಅವರು ಹೋದಾಗಿನಿಂದ ನನಗೆ ಹೀಗೆಯೇ ಆಗಿದೆ, ಕೂತು ಕೂತು ಜೋಮು ಹಿಡಿದ ಕಾಲಿನ ಹಾಗೆ. ಆ ನಗುಮುಖದ ಫೋಟೊ ಭವಿತಾಳೇ ಹಿಂದೊಮ್ಮೆ ತೆಗೆದದ್ದು. ಅಪ್ಪ ತೀರಿಕೊಂಡ ದಿನ ಸ್ಟೇಟಸ್ಸಿಗೆ ಹಾಕಿದ್ದಳು. ಅಲ್ಲಿಂದ ಅದು ನಿಮ್ಮ ಕಚೇರಿಗೆ ಯಾವ ದಾರಿಯಲ್ಲಿ ಬಂತೆಂದು ನಾನು ಕೇಳುವುದಿಲ್ಲ. ಮೊಬೈಲಿನ ಉಪಯೋಗ ನಿಮ್ಮ ಕಚೇರಿಗೂ ಚೆನ್ನಾಗಿ ಗೊತ್ತಿದೆ ಎಂದಷ್ಟೇ ತಿಳಿದುಕೊಂಡೆ.

ನಡೆದದ್ದನ್ನು ಹೇಳುತ್ತೇನೆ, ಏಕೆಂದರೆ ಅಂಟಿಸುವ ಮೊದಲು ನಿಮ್ಮವರು ಯಾರೂ ಕೇಳಲಿಲ್ಲ. ನಮ್ಮ ಮನೆ ನೆಟ್ಟಣದ ರೈಲ್ವೆ ಸ್ಟೇಷನ್ನಿನಿಂದ ಸಾಕಷ್ಟು ಒಳಗೆ, ಗುಡ್ಡದ ಬದಿಯಲ್ಲಿದೆ. ಮನೆಗೆ ನೀರು ಬರುವುದು ಮೇಲಿನ ತೋಡಿನಿಂದ, ನೀವು ಹಳ್ಳ ಎನ್ನುತ್ತೀರಲ್ಲ, ಅಲ್ಲಿಂದ ಎಳೆದ ಪೈಪಿನಲ್ಲಿ. ಆ ದಿನ ಊಟದ ಹೊತ್ತಿಗೆ ನೀರು ನಿಂತಿತು. ಪೈಪಿನ ಬಾಯಿಗೆ ಎಲೆಯೋ ಏಡಿಯೋ ಸಿಕ್ಕಿಕೊಂಡಿರುತ್ತದೆ, ಆಗಾಗ ಇದ್ದದ್ದೇ. “ನೀನು ಸೊಸೈಟಿಗೆ ಹೋಗು, ನಾನು ಮೇಲೆ ಹೋಗಿ ನೋಡ್ತೇನೆ” ಎಂದು ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು ಹೊರಟರು. ತೋಡಿನ ಬಂಡೆಯಲ್ಲಿ ಕಾಲು ಜಾರಿ ಬಿದ್ದರು. ಕತ್ತಿ ತೊಡೆಗೆ ಇಳಿಯಿತು. ಹೆಗಲಲ್ಲಿದ್ದ ಬೈರಾಸು ಟವೆಲನ್ನು ತಾವೇ ಗಾಯದ ಮೇಲೆ ಬಿಗಿದು ಕಟ್ಟಿಕೊಂಡರು. ಸಂಜೆ ಬೆಳಕಿರುವಾಗಲೇ ನಾನೂ ನೆರೆಮನೆಯ ಲತೀಶನೂ ಹುಡುಕಿಕೊಂಡು ಹೋದಾಗ ಬಂಡೆಗೆ ಒರಗಿ ಕೂತಿದ್ದರು, ಪ್ರಜ್ಞೆ ಇರಲಿಲ್ಲ. ಲತೀಶನ ಪಿಕಪ್‌ನಲ್ಲಿ ಪುತ್ತೂರಿಗೆ ಮುಟ್ಟಿಸುವಾಗ ಉಸಿರೂ ಇರಲಿಲ್ಲ. “ಕಟ್ಟಿದ್ದು ಸರಿಯಾಗಿಯೇ ಉಂಟು, ಬಂದದ್ದು ತಡ ಆಯ್ತು ಅಷ್ಟೆ” ಎಂದು ಡಾಕ್ಟರು ನನ್ನ ಮುಖ ನೋಡದೆ ಹೇಳಿದರು. ಹೌದು, ಸಿಕ್ಕಿದಾಗ ಕೈಯಲ್ಲಿ ಫೋನಿತ್ತು. ನಿಮ್ಮ ಭಿತ್ತಿಪತ್ರದಲ್ಲಿ ನಿಜವಿರುವುದು ಅದೊಂದೇ.

ಆ ಫೋನಿನಲ್ಲಿ ಅವರು ವೀಡಿಯೊ ನೋಡುತ್ತಿರಲಿಲ್ಲ. ನನಗೆ ಕರೆ ಮಾಡುತ್ತಿದ್ದರು. ಲತೀಶನಿಗೆ ಮಾಡಿದ್ದರು, ಆಂಬುಲೆನ್ಸಿಗೆ ಮಾಡಿದ್ದರು, ಭವಿತಾಳಿಗೆ ಮಾಡಿದ್ದರು, ಮತ್ತೆ ನನಗೆ. ಒಂದು ಕರೆಯೂ ಹೋಗಿರಲಿಲ್ಲ. ನನ್ನ ಫೋನ್ ಸೊಸೈಟಿಯ ಮೇಜಿನ ಮೇಲೆ, ನನ್ನ ಕೈಗೆಟಕುವಲ್ಲೇ ಇತ್ತು, ಒಮ್ಮೆಯೂ ಬಡಿದುಕೊಳ್ಳಲಿಲ್ಲ. ಅವರು ಎಷ್ಟು ಸಲ ಪ್ರಯತ್ನಿಸಿದ್ದರೆಂದು ಭವಿತಾ ಎಣಿಸಿದ್ದಾಳೆ. ನನಗೆ ಹೇಳಬೇಡ ಎಂದಿದ್ದೇನೆ.

ಈಗ ನಿಮಗೆ ಗೊತ್ತಿರಲಿಕ್ಕಿಲ್ಲದ ಒಂದು ವಿಷಯ. ತಾವು ಘಟ್ಟದ ಮೇಲಿನವರೆಂದು ಕೇಳಿದ್ದೇನೆ. ನಮ್ಮಲ್ಲಿ ಮನೆಗಳು ಒತ್ತೊತ್ತಾಗಿ ಇರುವುದಿಲ್ಲ, ಒಂದು ಗುಡ್ಡಕ್ಕೆ ಒಂದೋ ಎರಡೋ. ಹಾಗಾಗಿ ನಾವು ‘ಕೂ’ ಹಾಕುತ್ತಿದ್ದೆವು. ಅಂಗಳದ ತುದಿಯಲ್ಲಿ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು, ಒಂದೇ ಉಸಿರಿನಲ್ಲಿ ‘ಕೂ’ ಎಂದು ಎಳೆಯುವುದು. ಆಚೆ ಗುಡ್ಡದವರು ಕೇಳಿದ್ದೇನೆ ಎನ್ನಲು ತಿರುಗಿ ಒಂದು ಕೂ ಹಾಕುತ್ತಾರೆ. ಬಿಟ್ಟು ಬಿಟ್ಟು ಹಾಕಿದರೆ ಕಷ್ಟ ಬಂದಿದೆ ಎಂದು ಅರ್ಥ, ಕೈಯಲ್ಲಿದ್ದ ಕೆಲಸ ಅಲ್ಲೇ ಬಿಟ್ಟು ಹೊರಡಬೇಕು. ಇದಕ್ಕೆ ಚಾರ್ಜ್ ಬೇಡ, ಕರೆನ್ಸಿ ಬೇಡ. ನನ್ನ ಗಂಡನ ಕೂ ಎರಡು ಗುಡ್ಡ ದಾಟುತ್ತಿತ್ತು. ಲತೀಶನ ಹೆಂಡತಿ ಮನೋರಮಾಳಿಗೆ ಹೆರಿಗೆ ನೋವು ಬಂದಾಗ ಇವರು ಇಲ್ಲಿ ನಿಂತು ಹಾಕಿದ ಕೂ ಕೇಳಿ, ಅವಳು ಅಂಗಳ ಇಳಿಯುವಷ್ಟರಲ್ಲಿ ಕೆಳಗೆ ಜೀಪು ಬಂದು ನಿಂತಿತ್ತು.

ಇವರು ಬಿದ್ದ ಬಂಡೆಯಿಂದ ಆ ಮನೋರಮಾಳ ಅಂಗಳ ಮರಗಳ ಮರೆಯಲ್ಲಿ ಕಾಣುವುದಿಲ್ಲ, ಆದರೆ ಕೂ ಹಾಕಿದರೆ ಧಾರಾಳ ಕೇಳುತ್ತದೆ. ಅವಳು ಮಧ್ಯಾಹ್ನವಿಡೀ ಅಂಗಳದಲ್ಲಿ ಕಾಳುಮೆಣಸು ಹರಡುತ್ತಿದ್ದಳು. ಲತೀಶ ಅಲ್ಲೇ ಪಿಕಪ್ಪಿನ ಅಡಿಗೆ ಮಲಗಿ ಏನೋ ರಿಪೇರಿ ಮಾಡುತ್ತಿದ್ದ. ಉತ್ತರಕ್ರಿಯೆಯ ಬೊಜ್ಜ ಕಳೆದ ಮೇಲೆ ಅವಳು ನಮ್ಮ ಜಗಲಿಯಲ್ಲಿ ಕೂತು ಹೇಳಿದಳು: “ಅಕ್ಕ, ನನ್ನ ಕಿವಿಯಲ್ಲಿ ಎಂತದ್ದೂ ಇರ್ಲಿಲ್ಲ, ಟಿವಿಯೂ ಹಾಕಿರ್ಲಿಲ್ಲ. ಭಾವ ಒಂದೇ ಒಂದು ಕೂ ಹಾಕಿದ್ರೆ ಸಾಕಿತ್ತು. ಯಾಕೆ ಹಾಕ್ಲಿಲ್ಲ?” ಚಹಾ ಮಾಡಿ ಕೊಟ್ಟೆ. ಅವಳು ಕುಡಿಯದೆ ಎದ್ದು ಹೋದಳು.

ಅವಳ ಪ್ರಶ್ನೆಗೆ ಉತ್ತರ ನಿಮ್ಮಲ್ಲಿದೆ, ಮಾನ್ಯರೇ. ನಮ್ಮೂರಿನ ಟವರ್ ಉದ್ಘಾಟನೆಯ ಭಾಷಣ ನೆನಪು ಮಾಡಿಕೊಳ್ಳಿ. ಆಗ ಆ ಕುರ್ಚಿಯಲ್ಲಿ ತಾವೇ ಇದ್ದಿರೋ ತಮ್ಮ ಹಿಂದಿನವರೋ ನನಗೆ ತಿಳಿಯದು, ಕುರ್ಚಿ ಅದೇ. “ಇನ್ನು ಮುಂದೆ ನೀವು ಕಾಡುಮನುಷ್ಯರ ಹಾಗೆ ಗುಡ್ಡದಿಂದ ಗುಡ್ಡಕ್ಕೆ ಕೂಗಿಕೊಳ್ಳಬೇಕಾಗಿಲ್ಲ” ಎಂಬ ಮಾತು ಅಲ್ಲಿ ಬಂತು. ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ನನ್ನ ಗಂಡನೂ ತಟ್ಟಿದರು. ಮನೆಗೆ ಬರುವ ದಾರಿಯಲ್ಲಿ, “ಅವರು ಹೇಳುದು ಸರಿ ಮಾರಾಯ್ತಿ, ನಾವು ಬೊಬ್ಬೆ ಹಾಕುದು ಕೇಳಿದ್ರೆ ಪೇಟೆಯವರು ನಗಾಡ್ಲಿಕ್ಕಿಲ್ವಾ?” ಎಂದರು. ಆಮೇಲೆ ಅವರು ಕೂ ಹಾಕಿದ್ದನ್ನು ನಾನು ಕೇಳಿಲ್ಲ. ಮೆಲ್ಲಗೆ ಉಳಿದವರೂ ಬಿಟ್ಟರು. ಸರಕಾರ ಹೇಳಿದ ಮಾತನ್ನು ಇಷ್ಟು ಚೆನ್ನಾಗಿ ಪಾಲಿಸಿದ ಊರು ನಿಮ್ಮ ವ್ಯಾಪ್ತಿಯಲ್ಲಿ ಇನ್ನೊಂದು ಇರಲಾರದು.

ಟವರಿನ ಕಥೆ ಇಷ್ಟು. ಶುರುವಿಗೆ ಜನರೇಟರಿಗೆ ಡೀಸೆಲ್ ಬರುತ್ತಿತ್ತು, ಆಮೇಲೆ ನಿಂತಿತು. ಈಗ ಕರೆಂಟು ಹೋದರೆ ಟವರೂ ಹೋಗುತ್ತದೆ, ಆ ಮಧ್ಯಾಹ್ನವೂ ಹೋಗಿತ್ತು. ತಮ್ಮ ಸಪ್ತಾಹದಲ್ಲಿ ದಿನಕ್ಕೊಂದು ಗಂಟೆ ‘ಡಿಜಿಟಲ್ ಉಪವಾಸ’ ಆಚರಿಸಲು ಹೇಳಿದ್ದೀರಿ. ನಮ್ಮ ಟವರ್ ಬಹಳ ಹಿಂದಿನಿಂದಲೇ ನಿಷ್ಠೆಯಿಂದ ಉಪವಾಸ ಮಾಡುತ್ತಿದೆ, ಅದಕ್ಕೊಂದು ಪ್ರಮಾಣಪತ್ರ ಕಳುಹಿಸಿದರೆ ಕಂಬಕ್ಕೆ ಕಟ್ಟುತ್ತೇವೆ. ಅಂಥ ಹೊತ್ತಿನಲ್ಲಿ ಗುಡ್ಡದ ಮೇಲೆ ದೂರದ ಯಾವುದೋ ಟವರಿನ ಒಂದು ಕಡ್ಡಿ ರೇಂಜು ಬರುತ್ತದೆ, ಹೋಗುತ್ತದೆ. ಮಾತಾಡಲು ಅದು ಸಾಲದು. ಆಸೆ ಹುಟ್ಟಿಸಲು ಸಾಕು. ಬರುತ್ತೇನೆ ಎಂದು ಹೇಳಿಕಳುಹಿಸಿ ಬಾರದ ನೆಂಟನಿಗಾಗಿ ಬಡಿಸದೆ ಕಾದು ಕೂರುತ್ತೇವಲ್ಲ, ಹಾಗೆ. ಬರುವುದಿಲ್ಲ ಎಂದು ಖಡಾಖಂಡಿತ ಹೇಳಿದ್ದರೆ ನಾವಾದರೂ ಉಣ್ಣುತ್ತಿದ್ದೆವು. ಫೋನ್ ಪೂರ್ತಿ ಸತ್ತಿದ್ದರೆ ನನ್ನ ಗಂಡ ಅದನ್ನು ಕಿಸೆಗೆ ಹಾಕಿ ಕೂ ಹಾಕುತ್ತಿದ್ದರು. ಈಗ ಹೋಗುತ್ತದೆ, ಈಗ ಹೋಗುತ್ತದೆ ಎಂದು ಒತ್ತುತ್ತಾ ಕೂತರು. ಕೂಗುವಷ್ಟು ಉಸಿರು ಇರುವವರೆಗೆ ಒತ್ತಿದರು. ಆಮೇಲೆ ಕೂಗಬೇಕೆನ್ನಿಸಿತೋ ಇಲ್ಲವೋ, ಉಸಿರು ಇತ್ತೋ ಇಲ್ಲವೋ, ನನಗೆ ಗೊತ್ತಾಗುವ ದಾರಿಯಿಲ್ಲ.

ಹಾಗೆಂದು ಅವರು ಮೊಬೈಲ್ ಮುಟ್ಟದ ಸಾಧು ಎಂದು ನಾನು ವಾದಿಸುವುದಿಲ್ಲ. ಹಿಟಾಚಿ ಯಂತ್ರ ಹೊಂಡದಿಂದ ಮೇಲೆ ಹತ್ತುವ ವೀಡಿಯೊಗಳನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದರು. ನಮ್ಮಲ್ಲಿ ಹಿಟಾಚಿ ಇಲ್ಲ, ಹೊಂಡವೂ ಇಲ್ಲ. ಅನ್ನ ಆರುತ್ತಿದೆ ಎಂದು ನಾನು ಎಷ್ಟೋ ಸಲ ಬೈದಿದ್ದೇನೆ. ಅದೇ ಫೋನಿನಲ್ಲಿ ಹಸುವಿನ ಕೆಚ್ಚಲು ಬಾವನ್ನು ಡಾಕ್ಟರಿಗೆ ತೋರಿಸಿ ಮದ್ದು ಕೇಳಿದ್ದೂ ಉಂಟು, ದಿನಾ ಸಂಜೆ ಮಗಳ ಮುಖ ನೋಡಿದ್ದೂ ಉಂಟು. ಮೊಬೈಲ್ ಉಪಕರಣವೋ, ಗೀಳೋ? ನಿಮ್ಮ ಪ್ರಬಂಧ ಸ್ಪರ್ಧೆಯ ವಿಷಯ ಇದೇ ಅಲ್ಲವೇ? ಈ ಪ್ರಶ್ನೆ ಕೇಳಲು ಮೊದಲು ರೇಂಜು ಇರಬೇಕು. ರೇಷನ್ ಕಾರ್ಡಿನ ಬೆರಳಚ್ಚು, ಬೆಳೆಯ ಸಮೀಕ್ಷೆ, ದನದ ಕಿವಿಯ ನಂಬರಿನ ಓಲೆಯ ಫೋಟೊ ಎಲ್ಲವನ್ನೂ ಮೊಬೈಲಿಗೆ ಹಾಕಿದ್ದು ಯಾರು? ಒಂದು ಫೋಟೊ ಕಳುಹಿಸಲು ನಾವು ಬಂಡೆ ಹತ್ತಿ ನಿಲ್ಲುವಾಗ ನಿಮಗೆ ಅದು ಗೀಳೆಂದು ಕಾಣಲಿಲ್ಲ. ಒಬ್ಬ ಮನುಷ್ಯ ರಕ್ತ ಸೋರುತ್ತಾ ಹೆಂಡತಿಗೆ ಕರೆ ಮಾಡಿದ್ದು ಮಾತ್ರ ಗೀಳಾಗಿ ಕಂಡಿತು.

ಹೋದ ಸೋಮವಾರ ಪುತ್ತೂರಿನ ನಿಮ್ಮ ಕಚೇರಿಗೆ ಬಂದಿದ್ದೆ, ನೆನಪಿರಬಹುದು. ತಾವು ಒಳ್ಳೆಯವರು. ಮೊಬೈಲನ್ನು ಮೇಜಿನ ಮೇಲೆ ಕವುಚಿಟ್ಟು ನನ್ನ ಮಾತನ್ನು ಪೂರ್ತಿ ಕೇಳಿದಿರಿ. “ನೋಡಿ ಅಮ್ಮ, ಉದ್ದೇಶ ಒಳ್ಳೆಯದು. ಜನಕ್ಕೆ ಒಂದು ಮುಖ ತೋರಿಸಬೇಕಾಗುತ್ತೆ, ಬರೀ ಅಕ್ಷರ ಯಾರೂ ಓದಲ್ಲ” ಎಂದಿರಿ. ಅದು ಸುಳ್ಳು ಮುಖ ಸಾರ್ ಎಂದೆ. “ಸಮಾರೋಪಕ್ಕೆ ನೀವೇ ಬಂದು ಎರಡು ಮಾತಾಡಿ, ಶಾಲು ಹೊದಿಸ್ತೀವಿ” ಎಂದಿರಿ. ಟವರಿನ ವಿಷಯ ಎತ್ತಿದಾಗ ಪಕ್ಕದಲ್ಲಿದ್ದ ಗುಮಾಸ್ತರು ಕಂಪ್ಯೂಟರಿನಲ್ಲಿ ನಕ್ಷೆ ತೆರೆದು, “ನಿಮ್ಮ ಊರು ಹಸಿರಲ್ಲಿ ಉಂಟು ಅಕ್ಕ, ಹಸಿರು ಅಂದ್ರೆ ರೇಂಜ್ ಉಂಟು ಅಂತ ಲೆಕ್ಕ” ಎಂದರು. ನಾನು ಹಸಿರನ್ನು ನೋಡಿದೆ. ನಮ್ಮ ತೋಡು, ಆ ಬಂಡೆ ಎಲ್ಲ ಅದರೊಳಗೇ ಬರುತ್ತಿತ್ತು. ನಮಸ್ಕಾರ ಹೇಳಿ ಬಂದೆ. ಬಸ್ಸು ಹತ್ತುವಾಗ ಬಸ್‌ಸ್ಟ್ಯಾಂಡಿನ ಗೋಡೆಯಲ್ಲಿ ಅವರು ನಗುತ್ತಿದ್ದರು. ಭವಿತಾ ಈಗ ಬಸ್‌ಸ್ಟ್ಯಾಂಡಿಗೆ ಬರುವ ಮೊದಲಿನ ಸ್ಟಾಪಿನಲ್ಲೇ ಇಳಿದು ಲ್ಯಾಬಿಗೆ ನಡೆದು ಹೋಗುತ್ತಾಳೆ.

ಸಮಾರೋಪಕ್ಕೆ ನಾನು ಬರುವುದಿಲ್ಲ. ಶಾಲು ಬೇಡ. ಪರಿಹಾರದ ಅರ್ಜಿಯೂ ಇದಲ್ಲ. ನನಗೆ ಬೇಕಾದದ್ದು ಎರಡು. ಭಿತ್ತಿಪತ್ರವನ್ನು ಎಲ್ಲ ಗೋಡೆಗಳಿಂದ ತೆಗೆಸಿ. ಕಿತ್ತು ಚರಂಡಿಗೆ ಎಸೆಯುವುದು ಬೇಡ, ನೆನೆಸಿ ಮೆಲ್ಲಗೆ ಬಿಡಿಸಲಿ, ಬಿಡಿಸಿದ್ದನ್ನು ನನಗೆ ಕೊಡಲಿ. ಆ ಫೋಟೊದಲ್ಲಿ ಅವರು ಚೆನ್ನಾಗಿ ಬಂದಿದ್ದಾರೆ.

ಎರಡನೆಯದು, ನಿಮ್ಮ ಸಪ್ತಾಹದ ಹಣದಲ್ಲಿ ಒಂದು ತಗಡಿನ ಬೋರ್ಡಿನಷ್ಟು ಉಳಿದಿದ್ದರೆ, ನಮ್ಮ ಗುಡ್ಡ ಹತ್ತುವ ದಾರಿಯ ಬುಡದಲ್ಲಿ ಅದನ್ನು ನೆಡಿಸಿ. ಬರೆಯಬೇಕಾದದ್ದು ಇಷ್ಟೇ: ‘ಇಲ್ಲಿಂದ ಮುಂದೆ ಫೋನನ್ನು ನಂಬಬೇಡಿ. ಬಿದ್ದರೆ ಕೂಗಿ. ಯಾರೂ ನಗುವುದಿಲ್ಲ.’ ಕೆಳಗೆ ತಮ್ಮ ಕಚೇರಿಯ ಮೊಹರು ಇರಲಿ, ಏಕೆಂದರೆ ನಮ್ಮ ಊರಿನವರು ನಿಮ್ಮ ಮಾತನ್ನು ಕೇಳುತ್ತಾರೆ.

ಇಂತಿ,
ನಿಮ್ಮ ನಕ್ಷೆಯ ಹಸಿರಿನೊಳಗೇ ವಾಸವಿರುವ
ಶೀಲಾವತಿ, ಕುಕ್ಕಪ್ಪನವರ ಹೆಂಡತಿ
(ಕರೆ ಮಾಡುವುದಿದ್ದರೆ ಸೊಸೈಟಿಯ ಹೊತ್ತಿನಲ್ಲಿ ಮಾಡಿ. ಉಳಿದ ಹೊತ್ತಿನಲ್ಲಿ ಸಿಗುವುದಿಲ್ಲ.)